ಮೇಷ್ಟ್ರ ಮಗಳಿಗೊಂದು ಶಾಲೆ

ಸರ್ಕಾರಿ ಶಾಲೆಯ ಮೇಷ್ಟರಾದವನು ಸ್ವಂತ ಮಗಳಿಗೆ ಬೇರೆ ಶಾಲೆ ಹುಡುಕಲು ಹೊರಟರೆ ನಗೆಪಾಟಲಿಗೆ ಬರವೇ ಇರುವುದಿಲ್ಲ. ಐವತ್ತರ ದಶಕದ ಕೊನೆಯಲ್ಲಿ ನಾನು ಯಲಹಂಕದಲ್ಲಿ ಮನೆ ಮಾಡಿಕೊಂಡು ಪಕ್ಕದ ಹಳ್ಳಿಯೊಂದರ ಶಾಲೆಗೆ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದೆ. ಅಲ್ಲಿ ಮೇಷ್ಟರೂ ನಾನೇ, ಗಂಟೆ ಹೊಡೆಯುವವನೂ ನಾನೇ. ಆ ವರ್ಷ ಇನ್‌ಸ್ಪೆಕ್ಟರು, "ಜೂನ್ ಮುಗಿಯೋದ್ರೊಳಗೆ ಇಪ್ಪತ್ತು ಮಕ್ಕಳಾಗದಿದ್ರೆ ಶಾಲೆ ಮುಚ್ತೀವಿ, ನೀವು ಪಾವಗಡಕ್ಕೆ ಹೊರಡಿ" ಎಂದು ಹೇಳಿ ಹೋಗಿದ್ದರು. ಇದ್ದದ್ದು ಒಂಬತ್ತು.

೧. ಮನೆಯ ತೀರ್ಪು

ಮಗಳಿಗೆ ಐದು ತುಂಬಿತ್ತು. "ನಮ್ಮ ಶಾಲೆಗೇ ಹಾಕೋಣ, ಒಂಬತ್ತು ಹತ್ತಾಗತ್ತೆ" ಎಂದೆ. ಅಕ್ಕಿ ಆರಿಸುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ.

"ಎಲ್ಲಿಗಾದ್ರೂ ಹಾಕಿ, ಅಲ್ಲಿಗೆ ಮಾತ್ರ ಬೇಡ."

"ಯಾಕೆ, ಅಲ್ಲೇನಾಗಿದೆ?"

"ಅಲ್ಲಿ ಪಾಠ ಮಾಡೋರು ಯಾರು ಅಂತ ನಂಗೊತ್ತಲ್ಲ."

೨. ಬಟ್ಲರ್ ತಾತ

ಹಿಂದೆ ಇಂಗ್ಲಿಷ್ ದೊರೆಯೊಬ್ಬನ ಮನೆಯಲ್ಲಿ ಬಟ್ಲರ್ ಆಗಿದ್ದ ತಾತ ನಮ್ಮ ಬೀದಿಯಲ್ಲೇ ಇದ್ದರು. ಶಾಲೆಯೇ ಬೇಡ, ಅವರ ಹತ್ತಿರ ಇಂಗ್ಲಿಷ್ ಕಲಿಯಲಿ ಎಂದು ಹೆಂಡತಿ ಮಗಳನ್ನು ಕಳಿಸಿದಳು. ಇಂಗ್ಲಿಷ್ ಎಷ್ಟು ಬಂತೋ ಕಾಣೆ, ಬಟ್ಲರ್ ಕೆಲಸ ಪೂರ್ತಿ ಬಂತು. ಊಟಕ್ಕೆ ಕೂತವರು ಚಮಚ ಕೆಳಗಿಟ್ಟ ಕೂಡಲೇ ತಟ್ಟೆ ತೆಗೆಯಬೇಕು ಎಂಬುದು ತಾತನ ಮೊದಲ ಪಾಠ.

ಒಂದು ಮಧ್ಯಾಹ್ನ ಮಾವನವರು ಊಟಕ್ಕೆ ಕೂತಿದ್ದರು. ಮಹಾ ಮಡಿವಂತರು. ಎರಡು ತುತ್ತು ಅನ್ನ ಉಂಡು, ನೀರು ಕುಡಿಯಲು ಎಲೆಯಿಂದ ಕೈ ತೆಗೆದರು. ತೋಳಿನ ಮೇಲೆ ಟವಲ್ ಹಾಕಿಕೊಂಡು ಹಿಂದೆ ನಿಂತಿದ್ದ ಮೊಮ್ಮಗಳು "ಥ್ಯಾಂಕ್ಯೂ ಸರ್" ಎಂದು ಎಲೆ ಎತ್ತಿಕೊಂಡು ಹೋಗೇಬಿಟ್ಟಳು. ಎಲೆ ಎತ್ತಿದ ಮೇಲೆ ಮತ್ತೆ ಉಣ್ಣುವ ಪದ್ಧತಿ ಅವರಿಗಿಲ್ಲ. ಏಕಾದಶಿಗೆ ಇನ್ನೂ ಮೂರು ದಿನವಿತ್ತು, ಮಾವನವರು ಉಪವಾಸ ಅವತ್ತೇ ಮುಗಿಸಿದರು.

೩. ಮೂರು ಗಾಡಿ

ಇನ್ನುಳಿದದ್ದು ಹೆಬ್ಬಾಳದ ಕಡೆಯ ಒಂದು ಕಾನ್ವೆಂಟು. ಒಂದು ಕಡೆ ಮಗಳಿಗೆ ಅಲ್ಲಿನ ಅರ್ಜಿ ಬರೆಯುತ್ತಾ, ಇನ್ನೊಂದು ಕಡೆ ಹಳ್ಳಿಯಲ್ಲಿ ಮನೆಮನೆಗೆ ಹೋಗಿ ಮಕ್ಕಳನ್ನು ನನ್ನ ಶಾಲೆಗೆ ಕಳಿಸಿ ಎಂದು ಬೇಡುತ್ತಿದ್ದೆ. ನಾಚಿಕೆಯಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಊರಿನ ಪಟೇಲರು, "ನಿಮ್ ಮಗೀನ ಎಲ್ಲಿಗ್ ಆಕ್ತೀರಿ ಮೇಷ್ಟ್ರೇ?" ಎಂದರು.

"ಒಳ್ಳೇ ಕಡೆಗೇ" ಎಂದು ಹಾರಿಸಿದೆ.

"ಆಯ್ತು ಬುಡಿ. ನೀವು ಓದ್ದೋರು. ನೀವೆಲ್ಲಿಗ್ ಆಕ್ತೀರೋ ಊರ್ನೋರೆಲ್ಲ ಅಲ್ಲಿಗೇ ಆಕ್ತೀವಿ."

ಮರ್ಯಾದೆಗೆ ಹೇಳಿದ ಮಾತು ಅಂದುಕೊಂಡೆ. ಸೋಮವಾರ ಬೆಳಿಗ್ಗೆ ಹೆಂಡತಿ, ಮಗಳ ಜೊತೆ ಕಾನ್ವೆಂಟಿಗೆ ಹೊರಡಲು ಜಟಕಾ ಗೊತ್ತುಮಾಡಿದೆ. ಜಟಕಾದವನು ಅದೇ ಹಳ್ಳಿಯವನು ಅನ್ನುವುದು ನನಗೆ ಹೊಳೆಯಲೇ ಇಲ್ಲ.

ಕಾನ್ವೆಂಟಿನಲ್ಲಿ ದೊಡ್ಡ ಸಿಸ್ಟರ್ ಎದುರು ಕೂತು ಬೆವರು ಒರೆಸಿಕೊಳ್ಳುತ್ತಿದ್ದಾಗ ಅಂಗಳದಲ್ಲಿ ಎತ್ತಿನ ಗಂಟೆ ಕೇಳಿಸಿತು. ಒಂದರ ಹಿಂದೊಂದು ಮೂರು ಗಾಡಿ. ಪಟೇಲರು ಮುಂದೆ, ತಲೆಗೆ ಎಣ್ಣೆ ಹಚ್ಚಿಕೊಂಡ ಹದಿಮೂರು ಮಕ್ಕಳು ಹಿಂದೆ.

"ಇವರೆಲ್ಲ ಯಾರು?" ಎಂದರು ಸಿಸ್ಟರ್.

"ಮೇಷ್ಟ್ರ ಕಡೆಯೋರು ತಾಯಿ" ಎಂದರು ಪಟೇಲರು.

"ಸೀಟು ಇರೋದು ಒಂದೇ. ಯಾರಿಗೆ?"

ನಾನು ಹೆಂಡತಿಯ ಮುಖ ನೋಡಿದೆ. ಅವಳು ಮಕ್ಕಳನ್ನು ಒಂದೊಂದಾಗಿ ಎಣಿಸುತ್ತಿದ್ದಳು. ಎಣಿಸಿ ಮುಗಿಸಿ ನನ್ನ ಕಿವಿಯ ಹತ್ತಿರ ಬಂದು, "ಪಾವಗಡಕ್ಕೆ ಹೋಗಿ ಇರೋದು ನನ್ನ ಕೈಲಾಗಲ್ಲ. ಇವಳನ್ನೂ ಸೇರಿಸಿದ್ರೆ ಇಪ್ಪತ್ಮೂರಾಗತ್ತೆ, ಎದ್ದೇಳಿ" ಎಂದಳು.

ವಾಪಸು ಬರುವಾಗ ಅಲ್ಲಾಳಸಂದ್ರದ ಕೆರೆ ಹತ್ತಿರ ಎತ್ತುಗಳಿಗೆ ನೀರು ಕುಡಿಸಲು ಗಾಡಿ ನಿಲ್ಲಿಸಿದರು. ಅಲ್ಲೇ ಏರಿಯ ಮೇಲೆ ದಾಖಲಾತಿ ಶುರುಮಾಡಿದೆ. ಆ ಕಾಲದಲ್ಲಿ ಹುಟ್ಟಿದ ದಿನದ ಚೀಟಿ ಯಾರ ಹತ್ತಿರವೂ ಇರುತ್ತಿರಲಿಲ್ಲ. ತಲೆಯ ಮೇಲಿಂದ ಕೈ ಹಾಕಿ ಆಚೆ ಕಡೆಯ ಕಿವಿ ಮುಟ್ಟಿದರೆ ಶಾಲೆಗೆ ಸೇರುವ ವಯಸ್ಸಾಯಿತು ಎಂದು ಲೆಕ್ಕ. ಮೊದಲು ಮುಟ್ಟಿದವಳು ನನ್ನ ಮಗಳು. ಹತ್ತನೆಯ ಹೆಸರಾಗಿ ಅವಳದನ್ನು ಬರೆಯುವಾಗ ನನಗೆ ಕಣ್ಣು ತುಂಬಿಬಂತು.

ಎಲ್ಲರ ಹೆಸರು ಬರೆದು ಮುಗಿಸಿದ ಮೇಲೆ ಪಟೇಲರು ಬೇಜಾರಿನಿಂದ ಹೇಳಿದರು:

"ಸ್ಕೂಲು ನಮ್ಮೂರಾಗೇ ಐತೆ. ಅದನ್ನ ಏಳಾಕೆ ಎತ್ತುಗಳ್ನ ಎಬ್ಬಾಳದ ಗಂಟ ನಡೆಸ್ಬೇಕಿತ್ತಾ ಮೇಷ್ಟ್ರೇ?"