ಬಿಟ್ ಫ್ರೆಶ್, ಹೀಪ್ಸ್ ಆಫ್ ಸ್ನೋ

ಮೆಲ್ಬರ್ನ್‌ನಲ್ಲಿ ಹವಾಮಾನಕ್ಕಿಂತ ಹವಾಮಾನದ ಮಾತೇ ಜನರನ್ನು ಹೆಚ್ಚು ಕಾಡುತ್ತದೆ. ನನ್ನನ್ನಂತೂ ಆರು ತಿಂಗಳು ಬಿಡದೆ ಕಾಡಿತು. ಆರು ತಿಂಗಳು ಯಾಕೆಂದರೆ ಅದು ನನ್ನ ಪ್ರೊಬೇಷನ್ ಅವಧಿ. ಪ್ರೊಬೇಷನ್ ಅಂದರೆ, ಅದು ಮುಗಿಯುವಷ್ಟರಲ್ಲಿ ನಾವು ಅವರಿಗೆ ಹಿಡಿಸಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಅರ್ಥವಾಗುತ್ತದೆ.

೧. ಲಿಫ್ಟ್

ಡಾಕ್‌ಲ್ಯಾಂಡ್ಸ್‌ನ ಆಫೀಸಿಗೆ ನಾನು ಸೇರಿದ್ದು ಜೂನ್‌ನಲ್ಲಿ. ಇಲ್ಲಿ ಜೂನ್ ಅಂದರೆ ಚಳಿಗಾಲ. ತಿಂಗಳಾದ ಮೇಲೆ ಮ್ಯಾನೇಜರ್ ಕರೆದು, ಕೆಲಸ ಚೆನ್ನಾಗಿದೆ, ಆದರೆ ನೀನು ಯಾರ ಜೊತೆಗೂ ಮಾತಾಡುವುದಿಲ್ಲ, ಕಾಯಂ ಮಾಡುವಾಗ ಅದನ್ನೂ ನೋಡುತ್ತೇವೆ ಎಂದರು. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಚೈಲ್ಡ್‌ಕೇರ್‌ನಲ್ಲಿ ಕೆಲಸ ಮಾಡುತ್ತಾಳೆ, ಹಾಗಾಗಿ ಲೋಕಾನುಭವ ಹೆಚ್ಚು.

"ವೆದರ್ ಮಾತಾಡಿ ರೀ. ನಮ್ಮಲ್ಲಿ ಊಟ ಆಯ್ತಾ ಅನ್ನಲ್ವಾ, ಇವರಿಗೆ ಅದು," ಎಂದಳು.

ಮರುದಿನ ಲಿಫ್ಟಿನಲ್ಲಿ ಮ್ಯಾನೇಜರ್ ಸಿಕ್ಕರು. ನನ್ನ ಮೈಮೇಲೆ ಎರಡು ಸ್ವೆಟರ್, ತಲೆಗೆ ಮಂಕಿ ಕ್ಯಾಪ್. ಅವರದು ಅರ್ಧ ತೋಳಿನ ಶರ್ಟು. "ಬಿಟ್ ಫ್ರೆಶ್," ಎಂದರು. ಅಂದರೆ ಸ್ವಲ್ಪ ತಂಪು. ಅವಕಾಶ ಸಿಕ್ಕಿತಲ್ಲ ಎಂದು ನಾನು, ಈಗ ಮೂರು ಡಿಗ್ರಿ ಇದೆ, ಗಾಳಿ ನೇರ ದಕ್ಷಿಣ ಧ್ರುವದಿಂದ ಬರುತ್ತಿದೆ, ಶುಕ್ರವಾರದವರೆಗೂ ಹೀಗೇ, ಕೀಲುನೋವಿನವರು ಹುಷಾರಾಗಿರಬೇಕು ಎಂದು ವಿವರಿಸಿದೆ. ಅವರು ನಾಲ್ಕನೇ ಮಹಡಿಯಲ್ಲಿ ಇಳಿದು ಹೋದರು. ನಮ್ಮ ಆಫೀಸಿರುವುದು ಒಂಬತ್ತನೆಯದರಲ್ಲಿ.

೨. ಟ್ರ್ಯಾಂಪೊಲಿನ್

ನಮ್ಮ ಮನೆ ಇರುವುದು ಪಾಯಿಂಟ್ ಕುಕ್‌ನಲ್ಲಿ. ಒಂದು ಭಾನುವಾರ ಗಾಳಿ ಎಷ್ಟಿತ್ತೆಂದರೆ, ಪಕ್ಕದ ಮನೆಯ ಮಕ್ಕಳು ಕುಣಿಯುವ ಟ್ರ್ಯಾಂಪೊಲಿನ್ ಬೇಲಿ ಹಾರಿ ಬಂದು ನಮ್ಮ ಕರಿಬೇವಿನ ಕುಂಡದ ಮೇಲೆ ಕೂತಿತು. ಆಗ ಅದರಲ್ಲಿ ಮಕ್ಕಳಿರಲಿಲ್ಲ, ಓದುವವರು ಗಾಬರಿಯಾಗಬಾರದು. ಪಕ್ಕದ ಮನೆಯವನು ಬಂದ, ಒಡೆದ ಕುಂಡ ನೋಡಿದ, "ಬಿಟ್ ಬ್ರೀಝಿ" ಎಂದ. ಬ್ರೀಝ್ ಅಂದರೆ ತಂಗಾಳಿ.

ಅದೇ ವಾರ ಸಿಡ್ನಿಯ ಮಾರ್ಸ್ಡನ್ ಪಾರ್ಕಿನಿಂದ ಭಾಮೈದ ಫೋನ್ ಮಾಡಿ, ರಸ್ತೆಯಲ್ಲಿ ಮೊಣಕಾಲುದ್ದ ನೀರು, ಎದುರುಮನೆಯವರು "ಬಿಟ್ ಡ್ಯಾಂಪ್" ಅಂತಿದಾರೆ ಭಾವ, ಎಂದ. ಡ್ಯಾಂಪ್ ಅಂದರೆ ಬರೀ ತೇವ. ನಾನು ಒಂದು ಚೀಟಿಯಲ್ಲಿ ಬರೆದುಕೊಂಡೆ: ಬಿಟ್ ಅಂದರೆ ಅನಾಹುತ. ಹೆಂಡತಿ ಅದನ್ನು ಫ್ರಿಜ್ ಮೇಲೆ, ಆಂಬುಲೆನ್ಸ್ ನಂಬರಿನ ಕೆಳಗೆ ಅಂಟಿಸಿದಳು.

೩. ಸ್ನೋ

ಆಗಸ್ಟ್‌ನಲ್ಲಿ ನಮ್ಮ ಟೀಮಿನವರೆಲ್ಲ ಸ್ನೋ ನೋಡಲು ಬೆಟ್ಟಕ್ಕೆ ಹೊರಟರು. ಮ್ಯಾನೇಜರ್ ವಾರವಿಡೀ "ಹೀಪ್ಸ್ ಆಫ್ ಸ್ನೋ" ಎನ್ನುತ್ತಿದ್ದರು. ರಾಶಿ ರಾಶಿ ಎಂದರ್ಥ. ಬಿಟ್ ಅಂದರೇ ಅನಾಹುತವಾದರೆ ಹೀಪ್ಸ್ ಅಂದರೆ ಪ್ರಳಯವೇ ಇರಬೇಕೆಂದು ಲೆಕ್ಕ ಹಾಕಿ, ಮೊಣಕಾಲವರೆಗಿನ ಬೂಟು, ಕಾರು ಜಾರದಂತೆ ಟೈರಿಗೆ ಸುತ್ತುವ ಸರಪಳಿ, ಸಿಕ್ಕಿಹಾಕಿಕೊಂಡರೆ ಎರಡು ದಿನಕ್ಕಾಗುವಷ್ಟು ಚಪಾತಿ ತೆಗೆದುಕೊಂಡು ಹೋದೆ.

ಮೇಲೆ ಹೋದರೆ ಕಂದು ಹುಲ್ಲು. ನಡುವೆ ಕೃತಕ ಸ್ನೋ ಮಾಡುವ ಯಂತ್ರ ಉಗುಳಿದ ಬಿಳಿ ಪಟ್ಟಿ, ಎರಡು ಬೆಡ್‌ಶೀಟ್ ಒಣಹಾಕಿದ ಹಾಗೆ. ಮೈಸೂರಿನಲ್ಲಿ ಐಸ್ ಗೋಲಾ ಗಾಡಿಯವನು ಇದಕ್ಕಿಂತ ಹೆಚ್ಚು ತಳ್ಳಿಕೊಂಡು ಬರುತ್ತಾನೆ. ಮ್ಯಾನೇಜರ್ ತಾವೇ ಸುರಿಸಿದವರಂತೆ ಸೊಂಟಕ್ಕೆ ಕೈಯಿಟ್ಟು, ಹೇಗಿದೆ ನಮ್ಮ ಸ್ನೋ ಎಂದು ಕೇಳಿದರು. "ಹೀಪ್ಸ್," ಎಂದೆ. ಮೊದಲ ಸಲ ನನ್ನ ಭುಜ ತಟ್ಟಿದರು. ಫ್ರಿಜ್ ಮೇಲಿನ ಚೀಟಿಗೆ ಎರಡನೇ ಸಾಲು ಸೇರಿತು: ಹೀಪ್ಸ್ ಅಂದರೆ ಏನೂ ಇಲ್ಲ.

೪. ಕೊನೆಯ ಮೀಟಿಂಗ್

ಪ್ರೊಬೇಷನ್ ಮುಗಿದದ್ದು ಡಿಸೆಂಬರ್‌ನಲ್ಲಿ. ಹೊರಗೆ ನಲವತ್ತೆರಡು ಡಿಗ್ರಿ, ಮೀಟಿಂಗ್ ರೂಮಿನ ಏಸಿ ಕೆಟ್ಟಿತ್ತು. ಮ್ಯಾನೇಜರ್ ಗಲ್ಲದಿಂದ ಬೆವರು ನನ್ನ ಫೈಲಿನ ಮೇಲೆ ತೊಟ್ಟಿಕ್ಕುತ್ತಿತ್ತು. "ಬಿಟ್ ವಾರ್ಮ್," ಎಂದರು. ನಾನು ಡಿಗ್ರಿ ಹೇಳಲಿಲ್ಲ, ಗಾಳಿಯ ದಿಕ್ಕು ಹೇಳಲಿಲ್ಲ. "ಬಿಟ್," ಎಂದೆ, ಅಷ್ಟೇ.

ಅವರ ಮುಖ ಅರಳಿತು. ನಿನ್ನ ಮಾತುಕತೆ ಹೀಪ್ಸ್ ಸುಧಾರಿಸಿದೆ ಎಂದರು. ನನಗೆ ಚೀಟಿಯ ಎರಡನೇ ಸಾಲು ನೆನಪಾಯಿತು. ಮುಂದಿನ ವರ್ಷ ನಮ್ಮಲ್ಲಿ ಹೀಪ್ಸ್ ಅವಕಾಶಗಳಿವೆ ಎಂದರು. ನಲವತ್ತೆರಡು ಡಿಗ್ರಿಯಲ್ಲೂ ಕೈಕಾಲು ತಣ್ಣಗಾದವು. ಆಮೇಲೆ ಫೈಲು ಮುಚ್ಚಿ, ನಿನ್ನನ್ನು ಕಾಯಂ ಮಾಡುವುದರಲ್ಲಿ ಮಾತ್ರ "ಬಿಟ್ ಆಫ್ ಆ್ಯನ್ ಇಶ್ಯೂ" ಇದೆ ಎಂದರು. ಅಂದರೆ ಸಣ್ಣದೊಂದು ತೊಡಕು.

ಮನೆಗೆ ಬಂದಾಗ ಹೆಂಡತಿ ಸಾರಿಗೆ ಒಗ್ಗರಣೆ ಇಟ್ಟಿದ್ದಳು. ಏನಂದ್ರು ಎಂದು ಕೇಳಿದಳು. ಅವರಂದ ಮೂರನ್ನೂ ಅದೇ ಕ್ರಮದಲ್ಲಿ ಒಪ್ಪಿಸಿದೆ. ಅವಳು ಫ್ರಿಜ್ ಕಡೆ ಒಮ್ಮೆ ನೋಡಿ, ಒಲೆ ಆರಿಸಿದಳು.

"ರೆಸ್ಯೂಮೆ ಯಾವ ಲ್ಯಾಪ್‌ಟಾಪಲ್ಲಿದೆ ರೀ?"