ಒಂದು ಬೀಜಕ್ಕೆ ಒಂದೇ ಗುಡ್ಡೆ

ಆರಿಸುವ ಕೆಲಸದಲ್ಲಿ ನನ್ನನ್ನು ಮೀರಿಸುವವರು ಶಿರಾದಲ್ಲೇ ಇಲ್ಲ. ಇದನ್ನು ನಾನೇ ಹೇಳುತ್ತಿದ್ದೇನೆ, ಬೇರೆ ಯಾರೂ ಹೇಳಿಲ್ಲ. ಏಳನೇ ತರಗತಿಗೆ ಓದು ಬಿಟ್ಟು ಕಡಲೆಕಾಯಿ ಮಿಲ್ಲಿಗೆ ಸೇರಿದವಳು ನಾನು. ದಪ್ಪ ಬೀಜ ಒಂದು ಗುಡ್ಡೆ, ಸಣ್ಣದು ಇನ್ನೊಂದು, ಪೊಳ್ಳು ಆಚೆಗೆ. ಒಂದು ಬೀಜಕ್ಕೆ ಒಂದೇ ಗುಡ್ಡೆ! ಇಷ್ಟೇ ನನ್ನ ವಿದ್ಯೆ. ಈ ವಿದ್ಯೆಯಿಂದಲೇ ತಂಗಿಯ ಓದಿಗೆ ಬೆಂಕಿ ಇಟ್ಟೆ. ಬೆಂಕಿ ಅಂದರೆ ನಿಜವಾದ ಬೆಂಕಿ.

ತಂಗಿ ಮಂಜುಳ ನಮ್ಮ ಮನೆಯಲ್ಲಿದ್ದುಕೊಂಡು ತುಮಕೂರಿನಲ್ಲಿ ಎಂ.ಎಸ್ಸಿ. ಓದುತ್ತಾಳೆ. ಮನುಷ್ಯನ ಮೈಯಲ್ಲಿ ಕಣ್ಣಿಗೆ ಕಾಣದ ಜೀವಕೋಶಗಳಿವೆಯಂತೆ, ಅವುಗಳೊಳಗೆ ಜೀನುಗಳಿವೆಯಂತೆ. ಯಾವ ಜೀನು ಅಲ್ಲಿ ಏನು ಕೆಲಸ ಮಾಡುತ್ತದೆ ಎಂದು ವಿಂಗಡಿಸುವುದು ಅವಳ ಓದು. ಒಂದು ದಿನ ಕಾಲೇಜಿನಲ್ಲಿ ಅದನ್ನೆಲ್ಲ ಹೆಸರು, ಇರುವ ಜಾಗ, ಕೆಲಸ ಎಂದು ಚೀಟಿಗಳಲ್ಲಿ ಬರೆದು ಚಾರ್ಟಿಗೆ ಅಂಟಿಸಿ ತೋರಿಸಬೇಕಿತ್ತು. ಮೇಷ್ಟ್ರುಗಳಿಗೆ ಹಿಡಿಸಿದರೆ ಸಂಶೋಧನೆಗೆ ಸೇರಿಸಿಕೊಳ್ಳುತ್ತಾರೆ. ಇಲ್ಲದಿದ್ದರೆ ಇಲ್ಲ.

ಅದರ ಹಿಂದಿನ ದಿನ ಬೆಳಿಗ್ಗೆ ಆ ಚೀಟಿಗಳನ್ನು ಚಾಪೆಯ ಮೇಲೆ ಗುಡ್ಡೆಗುಡ್ಡೆಯಾಗಿ ಜೋಡಿಸಿ, ಗೋಂದು ತರಲು ಪೇಟೆಗೆ ಹೊರಟಳು.

"ಅಕ್ಕ, ಫ್ಯಾನ್ ಹಾಕ್ಬ್ಯಾಡ. ಕೋಳಿ ಒಳಕ್ಕೆ ಬಿಡ್ಬ್ಯಾಡ."

ಫ್ಯಾನ್ ಹಾಕಲಿಲ್ಲ. ಕೋಳಿ ಬಿಡಲಿಲ್ಲ. ಅವೆರಡೂ ಸೇರಿ ಮಾಡಲಾಗದ್ದನ್ನು ನಾನೊಬ್ಬಳೇ ಮಾಡಿದೆ!

ಬಗ್ಗಿ ನೋಡಿದೆ. 'ರಿಪೇರಿ' ಎಂಬ ಗುಡ್ಡೆಯಲ್ಲಿ ಟಿಪಿ ಐವತ್ತಮೂರು ಎಂಬ ಜೀನಿನ ಚೀಟಿ. 'ಕೋಶ ಹೆಚ್ಚದಂತೆ ತಡೆ' ಗುಡ್ಡೆಯಲ್ಲೂ ಅದೇ. 'ಕೋಶದ ಸಾವು' ಗುಡ್ಡೆಯಲ್ಲೂ ಅದೇ! ಅಯ್ಯೋ ಪಾಪ, ನಿದ್ದೆಗೆಟ್ಟು ಮಗು ತಪ್ಪು ಮಾಡಿದೆ ಎಂದು ಕರುಳು ಚುರುಕ್ಕೆಂದಿತು. ಒಂದೊಂದು ಹೆಸರಿಗೆ ಒಂದೇ ಚೀಟಿ ಉಳಿಸಿ, ಮಿಕ್ಕವನ್ನು ಮೊರಕ್ಕೆ ಹಾಕಿದೆ. ಮೂಲೆಯಲ್ಲಿ 'ಕೆಲಸ ತಿಳಿದಿಲ್ಲ' ಎಂಬ ದೊಡ್ಡ ಗುಡ್ಡೆ. ಕೆಲಸವೇ ತಿಳಿದಿಲ್ಲ ಅಂದಮೇಲೆ ಪೊಳ್ಳು ತಾನೆ? ಅದೂ ಮೊರಕ್ಕೆ. ಮೊರ ತುಂಬಿತು. ಪಕ್ಕದಲ್ಲೇ ನೀರೊಲೆ ಉರಿಯುತ್ತಿತ್ತು. ಮುಂದಿನದು ನಿಮಗೆ ಗೊತ್ತಾಯಿತು.

ಯಜಮಾನರು ಸ್ನಾನ ಮುಗಿಸಿ ಬಂದರು. "ಇವತ್ತು ನೀರು ಭೇಷಾಗಿ ಕಾದೈತೆ ಕಣೇ!"

ಅಷ್ಟರಲ್ಲಿ ಮಂಜುಳ ಬಂದಳು. ಚಾಪೆ ನೋಡಿದಳು. ನನ್ನನ್ನು ನೋಡಿದಳು.

"ಅಕ್ಕ, ಚೀಟಿ ಎಲ್ಲಿ?"

"ಎರಡೆರಡು ಇದ್ವು ಕಣಮ್ಮ. ಹಸನು ಮಾಡ್ಬುಟ್ಟೆ."

"ಎಲ್ಲಿ ಹಾಕ್ದೆ?"

ಯಜಮಾನರ ಕಡೆ ಬೆರಳು ತೋರಿಸಿದೆ. ಅವರ ಮೈಯಿಂದ ಇನ್ನೂ ಹಬೆ ಏಳುತ್ತಿತ್ತು.

ಮಂಜುಳ ಚಾಪೆಯ ಪಕ್ಕ ಕೂತಳು. ಅತ್ತಿದ್ದರೆ ತಡೆದುಕೊಳ್ಳುತ್ತಿದ್ದೆ. ಅಳಲಿಲ್ಲ.

"ಅಕ್ಕ, ನೀನು ಮಿಲ್ಲಲ್ಲಿ ಬೀಜ ಆರಿಸ್ತೀಯ. ಮನೇಲಿ ಮುದ್ದೆ ತಿರುವ್ತೀಯ. ಮದುವೇಲಿ ಸೋಬಾನೆ ಪದ ಹೇಳ್ತೀಯ. ನಿನ್ನ ಒಂದೇ ಗುಡ್ಡೆಗೆ ಹಾಕಕ್ಕಾಯ್ತದಾ? ಜೀನೂ ಅಂಗೇ."

"ಮತ್ತೆ ಆ ಪೊಳ್ಳು?"

"ಪೊಳ್ಳಲ್ಲ ಕಣಕ್ಕ! ಅವೂ ಏನೋ ಮಾಡ್ತಾವೆ, ನಮಗೆ ಗೊತ್ತಾಗಿಲ್ಲ ಅಷ್ಟೆ. ನಾನು ಮುಂದೆ ಓದ್ಬೇಕು ಅಂತಿರೋದೇ ಅವನ್ನ."

ಯಜಮಾನರು ಗೋಡೆಯ ಕ್ಯಾಲೆಂಡರ್ ಕಿತ್ತು ನನ್ನ ಮುಂದೆ ಹಾಕಿದರು. "ಲೇ, ನೋಡ್ತಾ ಕೂತ್ರೆ ಆಯ್ತದಾ? ಹಿಂದುಗಡೆ ಖಾಲಿ ಐತೆ, ಹರ್ದು ಬರಿ!"

ಸದ್ಯ, ಎಲ್ಲವೂ ಅವಳ ಲ್ಯಾಪ್‌ಟಾಪಿನಲ್ಲಿತ್ತು. ಅವಳು ಓದಿದಳು, ಯಜಮಾನರು ಹರಿದರು, ನಾನು ಬರೆದೆ. ಕಡಲೆಕಾಯಿ ಮೂಟೆಯ ಮೇಲೆ ಬರೆದು ಅಭ್ಯಾಸವಾದ ಕೈ. ಒಂದೊಂದು ಅಕ್ಷರವೂ ಮೂಟೆಯಷ್ಟು ದಪ್ಪ! ಜೊತೆಗೆ ಅರಿಶಿನದ ಬೆರಳಚ್ಚು ಉಚಿತ.

ಮಾರನೆಯ ದಿನ ಫೋನ್ ಬಂತು. "ಅಕ್ಕ, ಸೇರಿಸ್ಕೊಂಡ್ರು! ಈ ಅಕ್ಷರ ಯಾರದು ಅಂತ ಮೇಷ್ಟ್ರು ಕೇಳಿದ್ರು. ನಿನ್ನ ಕತೆ ಎಲ್ಲ ಹೇಳ್ದೆ. ನಿಮ್ಮಕ್ಕ ಮಾಡಿದ ತಪ್ಪನ್ನೇ ಹೊಸಬರೆಲ್ಲ ಮಾಡ್ತಾರೆ ಅಂದ್ರು."

ನಾನು ಉಬ್ಬಿಹೋದೆ.

"ಒಲೆಗೆ ಮಾತ್ರ ಯಾರೂ ಹಾಕಿಲ್ವಂತೆ."

ಇಳಿದೆ.

ಸಂಜೆ ಬಂದವಳು ನೀರೊಲೆಯ ಮೇಲಿನ ಗೋಡೆಗೆ ಒಂದು ಚೀಟಿ ಅಂಟಿಸಿದಳು. 'ಹೆಸರು: ಅಕ್ಕ. ಇರುವ ಜಾಗ: ಒಲೆ ಪಕ್ಕ. ಕೆಲಸ: ಇನ್ನೂ ತಿಳಿದಿಲ್ಲ.'

ಯಜಮಾನರು ಓದಿ, "ಮದುವೆ ಆದಾಗಿಂದ ನಾನೂ ಹುಡುಕ್ತಾನೇ ಇವ್ನಿ," ಅಂದರು.

ಆ ಚೀಟಿಯನ್ನು ಮಾತ್ರ ನಾನು ಒಲೆಗೆ ಹಾಕಿಲ್ಲ. 'ಇನ್ನೂ' ಅಂತ ಬರೆದಿದ್ದಾಳಲ್ಲ!