ಮೇದೋಜೀರಕದ ಒಗ್ಗರಣೆ

ಬೆಳಕು ಕಾಣಬೇಕಾದಲ್ಲಿ ಕಾಣದೆ, ಕಾಣಬಾರದ ಕಡೆ ಕಣ್ಣು ಕುಕ್ಕುವುದು ನನ್ನ ಕೆಲಸದಲ್ಲಿ ದಿನದ ಮಾತು. ನಾನು ಗೋಕಾಕದವಳು, ದಿನಾ ಬಸ್ಸಿನಲ್ಲಿ ಹೋಗಿಬಂದು ಬೆಳಗಾವಿಯ ಪ್ರಯೋಗಾಲಯವೊಂದರಲ್ಲಿ ಸಂಶೋಧನೆ ಮಾಡುತ್ತೇನೆ. ಆಡಿನ ಮೇದೋಜೀರಕ ಗ್ರಂಥಿಯಲ್ಲಿ ಪ್ರೋಟೀನನ್ನು ತುಂಡರಿಸುವ ಟ್ರಿಪ್ಸಿನ್ ಎಂಬ ಕಿಣ್ವವಿರುತ್ತದೆ. ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯಗಳನ್ನು (ಆಂಟಿಬಾಡಿ) ಗ್ರಂಥಿಯ ತೆಳುವಾದ ತುಂಡಿನ ಮೇಲೆ ಬಿಟ್ಟರೆ ಅವು ಆ ಕಿಣ್ವವನ್ನೇ ಹುಡುಕಿ ಅಂಟಿಕೊಳ್ಳುತ್ತವೆ. ಸೂಕ್ಷ್ಮದರ್ಶಕದ ನೀಲಿ ಬೆಳಕಿನಲ್ಲಿ ಅಲ್ಲಲ್ಲಿ ಹಸಿರು ಮಿನುಗುತ್ತದೆ. ಜೊತೆಗೆ ಪ್ರತಿಕಾಯ ಹಾಕದ ಇನ್ನೊಂದು ತುಂಡನ್ನೂ ನೋಡಬೇಕು. ಅದು ಕಪ್ಪಗೆ ಉಳಿದರೆ ಮಾತ್ರ ಮೊದಲನೆಯದರ ಬೆಳಕನ್ನು ನಂಬಬಹುದು.

"ತಿಂಗಳದಾಗ ಎರಡೂ ಸರಿ ಬರಲಿಲ್ಲಂದ್ರ ವಿಷಯ ಬದಲಿ ಮಾಡು" ಎಂದು ಮಾರ್ಗದರ್ಶಕರು ಹೇಳಿಬಿಟ್ಟಿದ್ದರು. ಎರಡು ವರ್ಷದ ನನ್ನ ದುಡಿಮೆ ಆ ಬೆಳಕು, ಆ ಕಪ್ಪಿನ ಮೇಲೆ ನಿಂತಿತ್ತು.

೧. ಮೊದಲ ದಿನ

ನಮ್ಮ ಮನೆಯೊಳಗೆ ತತ್ತಿ ಕೂಡ ಬರುವುದಿಲ್ಲ. ಗೋಕಾಕದ ಮಟನ್ ಅಂಗಡಿಯಲ್ಲಿ ಕಾಣಿಸಿಕೊಳ್ಳುವ ಧೈರ್ಯವಿಲ್ಲದೆ ಪಕ್ಕದ ಊರು ಮೂಡಲಗಿಗೆ ಹೋದೆ. ಅಲ್ಲಿನ ಮಟನ್ ಅಂಗಡಿಯ ಕಾಕಾ ಕೇಳಿದರು, "ಏನ್ ಬೇಕ ಬೇಟಿ?"

"ಆಡಿನ ಮೇದೋಜೀರಕ ಬೇಕ್ರಿ ಕಾಕಾ."

ಕಾಕಾ ಚಾಕು ಕೆಳಗಿಟ್ಟು ರಸ್ತೆಯಾಚೆ ಕೈ ತೋರಿಸಿದರು. "ಜೀರಗಿ ಕಿರಾಣಿ ಅಂಗಡ್ಯಾಗ ಸಿಗತೈತಿ. ಇದು ಮಟನ್ ಅಂಗಡಿ."

ಆಡಿನ ಹೊಟ್ಟೆಯ ಚಿತ್ರ ಬರೆದು ತೋರಿಸಿದ ಮೇಲೆ ನಕ್ಕು, ಪ್ರತಿ ಶನಿವಾರ ತೆಗೆದಿಡುವುದಾಗಿ ಒಪ್ಪಿದರು.

೨. ಉಳಿದ ಆಡು

ಐಸ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದೆ. ಕಲ್ಲೋಳಿ ಹತ್ತಿರ ಕಂಡಕ್ಟರ್ ಕೇಳಿದ, "ಡಬ್ಬ್ಯಾಗ ಏನೈತ್ರಿ?"

ನನಗೆ ಸುಳ್ಳು ಬಾಯಿಗೆ ಬರುವುದಿಲ್ಲ. "ಆಡಿನ ಒಂದ್ ತುಂಡ್ರಿ" ಎಂದೆ.

ಅವನು ಡಬ್ಬಿ ಎತ್ತಿ, ಕೈಯಲ್ಲೇ ತೂಗಿ ನೋಡಿದ. "ಆಡಿಗೆ ಟಿಕೆಟ್ ಐತ್ರಿ. ಉಳಿದದ್ದು ಯಾವ ಬಸ್ಸಿಗೆ ಬರಾಕತ್ತೈತಿ?"

೩. ಕತ್ತಲೆಯಲ್ಲಿ ಮಾವಶಿ

ಬೆಳಕು ಬಿದ್ದರೆ ಬಣ್ಣ ಮಾಸುತ್ತದೆ. ಅದಕ್ಕೇ ಕಿಟಕಿ ಮುಚ್ಚಿ, ದೀಪ ಆರಿಸಿಕೊಂಡು ಕೆಲಸ ಮಾಡುತ್ತೇವೆ. ಒಂದು ಮಧ್ಯಾಹ್ನ, ಕಸ ಗುಡಿಸುವ, ಎಲ್ಲರೂ ಮಾವಶಿ (ಚಿಕ್ಕಮ್ಮ) ಎನ್ನುವ ಹುಕ್ಕೇರಿಯ ಹೆಂಗಸು ಬಾಗಿಲು ತೆರೆದು ಲೈಟ್ ಹಾಕಿಬಿಟ್ಟರು.

"ಯಾಕವ್ವಾ, ಯಾರ ಏನ ಅಂದ್ರು? ಕತ್ತಲ್ಯಾಗ ಕುಂತ ಅಳಾಕತ್ತಿಯಲ್ಲ!"

ಅಳುತ್ತಿಲ್ಲ ಎಂದರೂ ಕೇಳದೆ, ಲೈಟ್ ಆರಿಸಲೂ ಬಿಡದೆ, ಬಾಜೂ ಕುಳಿತು ತಾಸುಹೊತ್ತು ನನ್ನ ತಲೆ ಸವರಿದರು. ಅಷ್ಟರಲ್ಲಿ ಬಣ್ಣವೆಲ್ಲ ಮಾಸಿ ನನಗೆ ನಿಜವಾಗಿಯೇ ಅಳು ಬಂತು.

"ನೋಡ, ನಾ ಅಂದಿದ್ದ ಖರೆ ಆತು" ಎಂದರು.

೪. ಕಪ್ಪು ಬೆಳಗಿತು

ತಿಂಗಳ ಕೊನೆಯ ಶನಿವಾರ ಕಾಕಾ ತುಂಡನ್ನು ಮೊದಲೇ ಕಟ್ಟಿಟ್ಟಿದ್ದರು. ಪ್ರಯೋಗಾಲಯದಲ್ಲಿ ಬಿಚ್ಚಿದಾಗ ಸ್ವಲ್ಪ ಹಳದಿ ಕಂಡಿತು. ಕೊಬ್ಬಿರಬೇಕು ಎಂದುಕೊಂಡೆ. ಮಾರ್ಗದರ್ಶಕರ ಎದುರು, ಪ್ರತಿಕಾಯ ಹಾಕದ ತುಂಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಕಪ್ಪಿರಬೇಕಾದ ಕಡೆಯೆಲ್ಲ ಹಚ್ಚ ಹಸಿರು! ಅವರು ಎದ್ದು ಹೋದರು.

ಮರುದಿನವೇ ಮೂಡಲಗಿಗೆ ಓಡಿದೆ. "ಕಾಕಾ, ಅದಕ್ಕ ಏನ್ ಮಾಡಿದ್ರಿ?"

"ಏನಿಲ್ಲ ಬೇಟಿ. ಬೆಳಗಾವಿತನಾ ಹೋಗೂದು, ಕೆಡಬಾರದಂತ ಅರಿಶಿಣ ಹಚ್ಚಿ ತೊಳದೆ."

ಅರಿಶಿಣ ನೀಲಿ ಬೆಳಕಿನಲ್ಲಿ ತಾನಾಗಿಯೇ ಹಸಿರು ಹೊಳೆಯುತ್ತದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ನನ್ನ ತುಂಡಿನ ಬಗ್ಗೆ ನನಗಿಂತ ಹೆಚ್ಚು ಕಾಳಜಿ ಮಾಡಿದವರ ಮೇಲೆ ಹೇಗೆ ಸಿಟ್ಟಾಗಲಿ? ವಿಷಯ ಕೇಳಿ ಮಾರ್ಗದರ್ಶಕರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಇನ್ನೊಂದು ವಾರ ಕೊಟ್ಟರು. ಅರಿಶಿಣ ಮುಟ್ಟದ ತುಂಡು ತಂದೆ. ಪ್ರತಿಕಾಯ ಹಾಕಿದ್ದು ಅಲ್ಲಲ್ಲಿ ಮಿನುಗಿತು, ಹಾಕದ್ದು ಕಪ್ಪಗೇ ಉಳಿಯಿತು. ಕಪ್ಪು ನೋಡಿ ಅಷ್ಟು ಸಂತೋಷ ನನಗೆಂದೂ ಆಗಿರಲಿಲ್ಲ.

ಎರಡೂ ಹಸಿರು ಚಿತ್ರಗಳನ್ನು, ಅರಿಶಿಣದ್ದನ್ನೂ ಕಿಣ್ವದ್ದನ್ನೂ, ಮೂಡಲಗಿಗೆ ಹೋಗಿ ಕಾಕಾಗೆ ನನ್ನ ಫೋನಿನಲ್ಲಿ ತೋರಿಸಿದೆ. ಅವರು ಒಂದಾದ ಮೇಲೊಂದು ನೋಡಿದರು.

"ಇದರಾಗ ಜಾಸ್ತಿ ಹೊಳಿಯೂದು ಯಾವುದು?"

"ಅರಿಶಿಣದ್ದರಿ ಕಾಕಾ."

ಕಾಕಾ ಮತ್ತೆ ರಸ್ತೆಯಾಚೆ ಕೈ ತೋರಿಸಿದರು. "ನಾ ಮೊದಲನೇ ದಿನಾನ ಹೇಳಿದ್ದೆ ಬೇಟಿ. ನಿನಗ ಬೇಕಾದದ್ದು ಕಿರಾಣಿ ಅಂಗಡ್ಯಾಗ ಸಿಗತೈತಿ."